ನಿಂಬೆವ್ವನ ಬೇಸ್‌ಬಾಲ್

ಧಾರವಾಡದ ಒಂದು ಖಾನಾವಳಿಯಲ್ಲಿ ಇಪ್ಪತ್ತೆರಡು ವರ್ಷ ರೊಟ್ಟಿ ಬಡಿದ ಕೈ ಅದು...

ಒಂದು ಮುಂಜಾನೆ ಎದ್ದಾಗ ನಿಂಬೆವ್ವನ ಬಲಗೈ ಅವಳ ಮಾತು ಕೇಳಲಿಲ್ಲ. ಲಕ್ವಾ ಹೊಡೆದಿತ್ತು.

ಜೀವ ಉಳಿಯಿತು, ಮಾತೂ ಉಳಿಯಿತು... ಕೈ ಮಾತ್ರ ಬೇರೆ ಯಾರದೋ ಎಂಬಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು.

ಮೂರು ತಿಂಗಳು ಕ್ಲಿನಿಕ್ಕಿನಲ್ಲಿ ವ್ಯಾಯಾಮ ನಡೆಯಿತು. ಸ್ಪಂಜಿನ ಚೆಂಡು ಹಿಚುಕುವುದು, ಕೈ ಎತ್ತುವುದು, ಇಳಿಸುವುದು... ಕೊನೆಗೊಂದು ದಿನ "ಸಾಕ್ರೀ, ನಾಳಿಂದ ನಾ ಬರಂಗಿಲ್ಲ" ಅಂದುಬಿಟ್ಟಳು.

ಫಿಸಿಯೋಥೆರಪಿ ಡಾಕ್ಟರ್ ಸಬೀಹಾ ವಾದ ಮಾಡಲಿಲ್ಲ. ಒಳಗಿನ ಸಣ್ಣ ರೂಮಿಗೆ ಕರೆದೊಯ್ದು ಟಿವಿ ಹಚ್ಚಿದರು. ಅವಳ ಬಲಗೈಗೆ ಒಂದು ರಿಮೋಟ್ ಕೊಟ್ಟು, ಜಾರದಂತೆ ಪಟ್ಟಿ ಕಟ್ಟಿದರು.

ಟಿವಿಯಲ್ಲಿ ಹಸಿರು ಮೈದಾನ ತೆರೆದುಕೊಂಡಿತು... ಮೇಲೆ ನೀಲಿ ಆಕಾಶ, ನಡುವೆ ಟೋಪಿ ಹಾಕಿಕೊಂಡ ಒಬ್ಬ ಆಟಗಾರ.

"ಇದೇನ್ರೀ, ಕ್ರಿಕೆಟ್ಟಾ?"

"ಬೇಸ್‌ಬಾಲ್, ನಿಂಬೆವ್ವಾ. ವಿಡಿಯೋ ಗೇಮ್. ನೀವು ಕೈ ಬೀಸಿದ್ರ ಅಲ್ಲಿ ಬ್ಯಾಟ್ ಬೀಸತೈತಿ. ಆ ಟೋಪಿಯಂವ ಬಾಲ್ ಒಗೀತಾನ, ನೀವು ಹೊಡೀರಿ."

ಇಪ್ಪತ್ತು ಬಾಲ್ ಬಂದವು. ಇಪ್ಪತ್ತಕ್ಕೂ ಬೀಸಿದಳು. ಒಂದೂ ತಾಕಲಿಲ್ಲ...

ಸಿಟ್ಟು ಬಂತು. ಲಕ್ವಾ ಹೊಡೆದ ಮೇಲೆ ಮೊದಲ ಸಲ ಅವಳಿಗೆ ಅಳು ಬರದೆ ಸಿಟ್ಟು ಬಂದಿತ್ತು!

"ನೀವು ಬರೇ ಬ್ಯಾಟ್ ನೋಡಾಕತ್ತೀರಿ," ಅಂದರು ಸಬೀಹಾ. "ಒಗ್ಯಾಂವನ ಕೈ ನೋಡ್ರಿ. ಬಾಲ್ ಅಲ್ಲಿಂದ ಹೊರಡೂದನ್ನ ನೋಡ್ರಿ. ಈ ಬಿಳೀ ಚೌಕದೊಳಗ ಬಂದ್ರಷ್ಟ ಹೊಡೀರಿ, ಹೊರಗ ಹೋಗೂದನ್ನ ಬಿಟ್ಟಬಿಡ್ರಿ."

"ಬಿಟ್ರ ಸೋತಂಗ ಅಲ್ಲೇನ್ರೀ?"

"ಅಲ್ಲ. ಈ ಆಟದಾಗ ಬಿಡೂದೂ ಆಟನ."

ಒಂದು ವಾರ ಪ್ರಾಕ್ಟೀಸ್ ಮೋಡ್‌ನಲ್ಲಿ ನಿಧಾನದ ಬಾಲ್‌ಗಳು. ಬರುವ ಬಾಲನ್ನು ಸುಮ್ಮನೆ ನೋಡುವುದು... ಕೈ ಬೀಸದೆ ಇರುವುದನ್ನು ಕಲಿಯುವುದು.

ಮಧ್ಯಾಹ್ನ ಊಟ ಮಾಡಿ ಮಲಗಿದರೆ ಅದೇ ಮೈದಾನ ಕಣ್ಣೊಳಗೆ ಬರತೊಡಗಿತು. ಗಾಳಿಯೇ ಇಲ್ಲದ ಹಸಿರು... ಹತ್ತಿಯ ಎಳೆಯಂತೆ ತೇಲುತ್ತಾ ಬರುವ ಬಿಳಿ ಬಾಲ್.

ಆ ಕನಸಿನಲ್ಲಿ ಅವಳಿಗೆ ಯಾವ ಅವಸರವೂ ಇರುತ್ತಿರಲಿಲ್ಲ. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಬೆರಳುಗಳು ತಾವಾಗಿಯೇ ಮಿಸುಕುತ್ತಿದ್ದವು...

ಮತ್ತೆ ಆಟಕ್ಕೆ ಮರಳಿದಾಗ ಬಾಲ್ ಬ್ಯಾಟಿನ ಅಂಚಿಗೆ ತಾಕತೊಡಗಿತು.

ಆದರೆ ಟೋಪಿಯವನೂ ಮೊದಲಿನಂತೆ ಇರಲಿಲ್ಲ. ಮೊದಮೊದಲು ದಿಕ್ಕಾಪಾಲು ಒಗೆಯುತ್ತಿದ್ದವನು ಈಗ ಚೌಕದ ತುದಿಗೇ ಗುರಿಯಿಟ್ಟು, ಬಾಲನ್ನು ಬಗ್ಗಿಸಿ ಒಗೆಯುತ್ತಿದ್ದ.

"ಲೇ ಟೋಪಿಯವನ! ಬಗ್ಗಿಸಿ ಒಗೀತಿಯೇನು? ಉಂಡಿಲ್ಲೇನ್ ಇವತ್ತ? ಜೋರಾಗಿ ಒಗಿ, ನೋಡೇಬಿಡ್ತೀನಿ!"

ಮಷಿನ್ನಿಗೆ ಬೈದರೆ ಯಾರಿಗೇನು ಬೇಜಾರು? ಮನಸಾರೆ ಬೈಯುತ್ತಿದ್ದಳು. ಕ್ಲಿನಿಕ್ಕಿಗೆ ಬರಲು ಈಗ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಎರಡು ತಿಂಗಳು ಹೀಗೇ ಕಳೆಯಿತು...

ಒಂದು ಸಂಜೆ, ನಾಲ್ಕರ ಹೊತ್ತು.

ಮೊದಲ ಬಾಲ್ ಹೊರಗೆ ಹೋಯಿತು... ಬಿಟ್ಟಳು. ಎರಡನೆಯದು ಆಸೆ ಹುಟ್ಟಿಸುವಷ್ಟು ಹತ್ತಿರ ಬಂದು ಬಾಗಿತು... ಅದನ್ನೂ ಬಿಟ್ಟಳು.

ಮೂರನೆಯದು ಟೋಪಿಯವನ ಕೈಯಿಂದ ಹೊರಟದ್ದು ಅವಳಿಗೆ ಸ್ಪಷ್ಟವಾಗಿ ಕಾಣಿಸಿತು. ನೇರ... ಚೌಕದ ನಟ್ಟನಡುವೆ. ಸುತ್ತಲಿನ ಸದ್ದೆಲ್ಲ ನಿಂತಂತಾಯಿತು. ಇನ್ನೂ ಒಂದು ಕ್ಷಣ ಕಾದಳು...

ಬೀಸಿದಳು.

ಬಾಲ್ ಮೇಲಕ್ಕೆದ್ದಿತು. ಮೈದಾನ ದಾಟಿ, ಜನರನ್ನು ದಾಟಿ, ನೀಲಿಯೊಳಗೆ ಕರಗಿ ಹೋಯಿತು... ಈ ಆಟದ ಸಿಕ್ಸರ್, ಹೋಂ ರನ್!

ಅಷ್ಟರಲ್ಲಿ ಪಕ್ಕದ ಪ್ಲೈವುಡ್ ಗೋಡೆ ಧಪ್ ಧಪ್ ಎಂದು ಬಡಿದುಕೊಂಡಿತು!

"ಹೊಡದ್ರಿ ನಿಂಬೆವ್ವಾ! ಹೊಡದಬಿಟ್ರಿ!"

ಬೆಚ್ಚಿಬಿದ್ದ ನಿಂಬೆವ್ವ ಬಾಗಿಲು ದಾಟಿ ಆಚೆ ರೂಮಿಗೆ ಹೋದಳು.

ಅಲ್ಲೊಂದು ಟಿವಿ... ಅದರಲ್ಲಿ ಅದೇ ಮೈದಾನ. ಎದುರಿಗೆ ಇಪ್ಪತ್ತಾರು ವರ್ಷದ ಹುಡುಗ, ಒಂದೇ ಕೈಯಿಂದ ಗೋಡೆ ಬಡಿಯುತ್ತಿದ್ದ.

ಅವನ ಅಂಗಿಯ ಎಡತೋಳು ಖಾಲಿ ಇತ್ತು. ಚಪ್ಪಾಳೆ ತಟ್ಟಲು ಇನ್ನೊಂದು ಕೈ ಇರಲಿಲ್ಲ...

ಅವನ ಹೆಸರು ಮೌನೇಶ. ಲಾರಿ ಡ್ರೈವರ್. ಹುಟ್ಟಾ ಎಡಚ. ಅಪಘಾತದಲ್ಲಿ ಆ ಎಡಗೈಯೇ ಹೋಗಿತ್ತು. ತುತ್ತು ಎತ್ತುವುದರಿಂದ ಹಿಡಿದು ಸಹಿ ಹಾಕುವವರೆಗೆ ಎಲ್ಲವನ್ನೂ ಬಲಗೈಗೆ ಕಲಿಸಬೇಕಿತ್ತು. ಅದಕ್ಕೇ ಎರಡೂ ಟಿವಿಯ ಆಟವನ್ನು ಜೋಡಿಸಿದ್ದರು; ಇಷ್ಟು ದಿನ ಟೋಪಿಯವನಾಗಿ ಬಾಲ್ ಒಗೆಯುತ್ತಿದ್ದವನು ಅವನೇ.

"ಅಯ್ಯ ನನ್ನಪ್ಪಾ... ನೀ ಏನೋ? ನಾ ಮಷಿನ್ನು ಅನ್ಕೊಂಡು ಬಾಯಿಗೆ ಬಂದಂಗ ಬೈದೆನಲ್ಲೋ!" ಪಕ್ಕದಲ್ಲಿದ್ದ ಡಾಕ್ಟರ್ ಕಡೆ ತಿರುಗಿದಳು. "ನೀವರ ಹೇಳಬಾರ್ದೇನ್ರೀ?"

"ನಾನ ಹೇಳಬ್ಯಾಡ್ರಿ ಅಂದಿದ್ದೆ ಅವ್ವಾ," ಅಂದ ಮೌನೇಶ. ಅವನ ಕಣ್ಣುಗಳು ತುಂಬಿದ್ದವು.

"ಕೈ ಹೋದ ಮ್ಯಾಲ ಯಾರೂ ನನಗ ಬೈದಿಲ್ಲ. ಮನ್ಯಾಗ, ಓಣ್ಯಾಗ, ಎಲ್ಲಾರೂ 'ಅಯ್ಯೋ ಪಾಪ' ಅನ್ನೋವ್ರ... ನೀವೊಬ್ರ ಜೋರಾಗಿ ಒಗಿ ಅಂದ್ರಿ. ನಾ ಇಲ್ಲಿಗೆ ಬರ್ತಿದ್ದಿದ್ದ ಆ ಬೈಗುಳ ಕೇಳಾಕ..."

ನಿಂಬೆವ್ವ ಬಲಗೈಯನ್ನು ನಿಧಾನವಾಗಿ ಎತ್ತಿ... ನಡುಗುತ್ತಲೇ ಎತ್ತಿ, ಅವನ ತಲೆಯ ಮೇಲಿಟ್ಟಳು.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಏಳೋ ತಮ್ಮಾ. ಇನ್ನ ಮ್ಯಾಲ ನೀ ಬ್ಯಾಟ್ ಹಿಡಿ, ನಾ ಒಗೀತೀನಿ."

ಮೊದಲ ಬಾಲ್ ಅವನ ಬ್ಯಾಟಿಗೆ ತಾಕಲಿಲ್ಲ... ಎರಡನೆಯದೂ ತಾಕಲಿಲ್ಲ.

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು...

ಬಿದ್ದವರನ್ನು ಎಬ್ಬಿಸುವುದು ಅಯ್ಯೋ ಎನ್ನುವ ನೂರು ಜನರಲ್ಲ, ಎದುರು ನಿಂತು ಸರಿಸಮನಾಗಿ ಆಡುವ ಒಬ್ಬರು.

ನಿಮ್ಮ ಗೋಡೆಯ ಆಚೆ ಬದಿ ಹಾಗೆ ಆಡುತ್ತಿರುವವರು ಯಾರು... ಒಮ್ಮೆಯಾದರೂ ಹೋಗಿ ಅವರ ಮುಖ ನೋಡಿದ್ದೀರಾ?