ಬಂದೂಕಿನ ಒದೆತ

ಮದುವೆಯಾದ ಮಗಳ ಕೆನ್ನೆಯ ಮೇಲೆ ಮತ್ತೆ ನೀಲಿ ಬಾವು ಕಂಡ ತಾಯಿ, ಅವಳನ್ನು ಕರೆದುಕೊಂಡು ನೇರವಾಗಿ ಅವಳು ಕಲಿಯುತ್ತಿದ್ದ ಟ್ರ್ಯಾಪ್ ಶೂಟಿಂಗ್ ಮೈದಾನಕ್ಕೆ ಬಂದರು.

"ಏನ್ ಸಾರ್, ಹಾರೋ ಬಿಲ್ಲೆ ಹೊಡೆಯೋದು ಕಲಿಸ್ತೀರೋ, ಹುಡುಗಿ ಮುಖ ಜಜ್ಜಿಸ್ತೀರೋ? ಬಂದೂಕು ಒದೀತಂತೆ!"

ತರಬೇತುದಾರರು ನಾಚಿ ತಲೆ ತಗ್ಗಿಸಿದರು. "ತಪ್ಪು ನನ್ನದೇ ತಾಯಿ. ಮರದ ಹಿಡಿ ಮೈಯಳತೆಗೆ ಹೊಂದದಿದ್ರೆ ಹೊಸಬರ ಕೆನ್ನೆಗೆ ಹೊಡೆಯುತ್ತೆ. ಈಗಲೇ ಸರಿಮಾಡ್ತೀನಿ. ಬಂದೂಕು ಎತ್ತಮ್ಮ, ನೋಡೋಣ."

"ಬೇಡ ಸಾರ್, ಬಿಡಿ," ಎಂದಳು ಮಗಳು, ನೆಲ ನೋಡುತ್ತ.

"ಎತ್ತೇ! ತಪ್ಪು ಅವರದ್ದು, ನೀನ್ಯಾಕೆ ನಾಚ್ಕೋತೀಯ?" ತಾಯಿ ಗದರಿದರು.

ಅವಳು ಬಂದೂಕನ್ನು ಎಂದಿನಂತೆ ಬಲಭುಜಕ್ಕೇರಿಸಿದಳು. ಹಿಡಿ ಬಲಗೆನ್ನೆಗೆ ಒತ್ತಿಕೊಂಡಿತು. ಬಾವು ಎಡಗೆನ್ನೆಯ ಮೇಲಿತ್ತು.

ತರಬೇತುದಾರರು ಬಂದೂಕನ್ನು ಅವಳ ಕೈಯಿಂದ ತೆಗೆದುಕೊಂಡರು.

"ಅಳಿಯಂದಿರು ಈಗ ಮನೇಲೇ ಇದ್ದಾರೇನೇ?" ಎಂದು ತಾಯಿ ಮೆಲ್ಲನೆ ಕೇಳಿದರು.