ಅಟ್ಟದಿಂದ ಇಳಿದ ಅಲಗು

ಅಣ್ಣ ಅಟ್ಟದಿಂದ ಅಲಗು ಇಳಿಸಿದ್ದಾನೆ ಎಂಬ ಸುದ್ದಿ ಬಂದಾಗ ಮಹಾಲಿಂಗಯ್ಯ ಮಗಳ ಮದುವೆಯ ಚಪ್ಪರಕ್ಕೆ ತೋರಣ ಕಟ್ಟುತ್ತಿದ್ದ.

ಸುದ್ದಿ ತಂದವನು ಹೊಳವನಹಳ್ಳಿ ಸಂತೆಗೆ ಬಂದಿದ್ದ ಶಿರಾದ ಸಾಣೆಗಾರ ಅಹಮದ್ ಷರೀಫ್.

"ತುದಿ ಮಾತ್ರ ಸೂಜಿ ಆಗ್ಬೇಕಂತೆ. ಒಂದೇ ಸಲಕ್ಕೆ ಹೋಗ್ಬೇಕಂತೆ. ಯಾಕೆ ಅಂತ ಕೇಳಿದ್ರೆ, ತಮ್ಮನ ಮನೆ ಕೆಲಸ ಅಂದ್ರು ನಿಮ್ಮಣ್ಣ. ಹುಷಾರ್ ಅಯ್ಯನೋರೆ."

ಅಲಗು ಮುತ್ತಾತನ ಕಾಲದ್ದು. ಎರಡು ಮೊಳ ಉದ್ದ, ಕಿರುಬೆರಳಿಗಿಂತ ಸಣ್ಣ. ಅದರಿಂದ ಕಡಿಯಲು ಬಾರದು, ಚುಚ್ಚಲು ಮಾತ್ರ ಬರುತ್ತದೆ. ಅಪ್ಪ ಅದನ್ನು ಕೊನೆಯ ಸಲ ಕೈಗೆತ್ತಿಕೊಂಡದ್ದು ಮಹಾಲಿಂಗಯ್ಯನ ಮದುವೆಯಲ್ಲಿ. ಪಾಲಾದಾಗ ಅದು ಅಣ್ಣ ನಂದೀಶ್ವರಯ್ಯನಿಗೆ ಹೋಯಿತು. ಬಾವಿ ಇಬ್ಬರಿಗೂ ಉಳಿಯಿತು. ನೀರಿನ ಸರದಿಯ ಜಗಳ ಮಧುಗಿರಿಯ ಅಮಲ್ದಾರರ ಕಚೇರಿಯವರೆಗೆ ಹೋಗಿ, ಎರಡು ವರ್ಷದಿಂದ ಮಾತುಕತೆ ನಿಂತಿತ್ತು. ಹಠಮಾರಿ ಮಹಾಲಿಂಗಯ್ಯ ಅಣ್ಣನ ಹಂಗೇ ಬೇಡವೆಂದು ಮನೆದೇವರ ಕಾರ್ಯವನ್ನೂ ಕೈಬಿಟ್ಟಿದ್ದ. ಮದುವೆಗೂ ಕರೆದಿರಲಿಲ್ಲ.

ಮೊನ್ನೆ ಬಾವಿಯ ಹತ್ತಿರ ಅಣ್ಣನೇ ಅಡ್ಡ ನಿಂತಿದ್ದ. "ಅಲಗು ಇಲ್ದೆ ನಿನ್ನ ಮಗಳ ಮದುವೆ ಆಗಾಕಿಲ್ಲ ಕಣ್ಲಾ. ನಾನಿನ್ನೂ ಬದುಕಿವ್ನಿ."

ಹೆಂಡತಿ ಚನ್ನಮಲ್ಲಮ್ಮ ಹಿತ್ತಲ ಗೋಡೆಯಾಚೆಯ ಭಾವನ ಮನೆಯತ್ತ ಇಣುಕಿ ಬಂದಳು. "ಭಾವನೋರು ನಿನ್ನೆಯಿಂದ ಊಟಾನೇ ಮುಟ್ಟಿಲ್ವಂತೆ. ಹೋಗಿ ಕಾಲಿಗೆ ಬಿದ್ಬುಡಿ, ಹಿರೇರು."

"ನಾ ಬೀಳಾಕಿಲ್ಲ. ಬರ್ಲಿ ಅವ್ನು."

ಪೊಲೀಸರಿಗೆ ಹೇಳಿಕಳಿಸಿದರೆ ಬೀಗರ ಮುಂದೆ ಮಾನ ಹೋಗುತ್ತದೆ. ಮಹಾಲಿಂಗಯ್ಯ ಮಚ್ಚನ್ನು ಹಿತ್ತಲ ಕದದ ಹಿಂದೆ ಇಟ್ಟುಕೊಂಡ. ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು. ಮಗಳ ಕೊರಳಿಗೆ ತಾಳಿ ಬೀಳುವುದನ್ನು ನೋಡುವವರೆಗಾದರೂ ಬದುಕಬೇಕಿತ್ತು.

ಮದುವೆಯ ಬೆಳಿಗ್ಗೆ ಜನವೆಲ್ಲ ಮುಂದಿನ ಚಪ್ಪರದಲ್ಲಿತ್ತು. ಹಿತ್ತಲ ಹೊಸ್ತಿಲ ಮೇಲೆ ನೆರಳು ಬಿತ್ತು. ಅಗಲವಾದ ಭುಜ, ಅಣ್ಣನದೇ. ತಲೆಯ ಎತ್ತರಕ್ಕೆ ಅಲಗಿನ ತೆಳ್ಳನೆಯ ಗೆರೆ.

ಮಹಾಲಿಂಗಯ್ಯ ಕದದ ಮರೆಯಲ್ಲಿ ಮಚ್ಚು ಎತ್ತಿದ. "ಅಲ್ಲೇ ನಿಂತ್ಕೊ! ಯಾಕ್ ಬಂದೆ, ಹೇಳು!"

ಉತ್ತರವಿಲ್ಲ. ನೆರಳು ಒಂದು ಹೆಜ್ಜೆ ಮುಂದೆ ಬಂತು.

"ಅಣ್ಣಾ, ಒಂದೇ ಒಂದು ಮಾತಾಡು. ಇಲ್ದಿದ್ರೆ ಬೀಸ್ಬುಡ್ತೀನಿ!"

ಉಸಿರಿನ ಸದ್ದು ಮಾತ್ರ. ಇನ್ನೊಂದು ಹೆಜ್ಜೆ.

ಮಹಾಲಿಂಗಯ್ಯ ಮಚ್ಚು ಬೀಸಿದ. ನಂದೀಶ್ವರಯ್ಯ ಹೊಸ್ತಿಲ ಮೇಲೆ ಕುಸಿದ. ಆಗಲೂ ಒಂದು ಕೂಗಿಲ್ಲ. ಒದ್ದೆ ಪಂಚೆ, ಮೈತುಂಬ ವಿಭೂತಿ. ಮಹಾಲಿಂಗಯ್ಯ ಬಾಗಿ ಅಣ್ಣನ ಮುಖವನ್ನು ಬೆಳಕಿಗೆ ತಿರುಗಿಸಿದ.

ಮದುವೆಗೆ ಮುಂಚೆ ಮನೆಯ ಹಿರಿಯನು ಮನೆದೇವರು ವೀರಭದ್ರನಿಗೆ ಸಲ್ಲಿಸಬೇಕಾದ ಸೇವೆಯನ್ನು ಅಣ್ಣ ಕರೆಯದೆಯೇ ಸಲ್ಲಿಸಿ ಬಂದಿದ್ದ: ಅಲಗು ಅವನ ಒಂದು ಕೆನ್ನೆಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂದಿತ್ತು, ಮಾತಾಡಲು ಬಾಯಿ ಬಿಡುವಂತೆಯೇ ಇರಲಿಲ್ಲ.