ಹೊಸ ಮೇಜುಗಳ ಗಾಳಿ

“ಈ ಕೋಣೆಗೆ ಇಷ್ಟು ಒಳ್ಳೆ ಗಾಳಿ ಎಲ್ಲಿಂದ ಬಂತಪ್ಪ?” ಉಪಕರಣದ ತೀರ ಕಡಿಮೆ ಅಂಕಿ ನೋಡುತ್ತ ಗಾಳಿ ಪರೀಕ್ಷಕಿ ತನ್ನಷ್ಟಕ್ಕೆ ಕೇಳಿಕೊಂಡಳು. ಹೊಸ ಮೇಜುಗಳು ಬಂದಾಗಿನಿಂದ ಕಣ್ಣುರಿ, ತಲೆನೋವು ಎಂದು ದೂರು ಕೊಟ್ಟಿದ್ದ ಗುಮಾಸ್ತೆ ಏಳು ತಿಂಗಳ ಬಸುರಿ. ಬಾಗಿಲಲ್ಲಿ ನಿಂತಿದ್ದ ಅವಳ ಮುಖ ಆ ಮಾತಿಗೆ ಇಳಿದುಹೋಯಿತು.

ಮ್ಯಾನೇಜರ್ ಹಿಗ್ಗಿದ. “ನೀವು ಬರ್ತೀರಂತ ನಿನ್ನೆಯಿಂದ ಕಿಟಕಿ ಎಲ್ಲ ತೆಗೆಸಿಟ್ಟಿದ್ದೆ ಮೇಡಂ, ಈಗಷ್ಟೇ ಮುಚ್ಚಿಸ್ದೆ. ನಿಮಗೆ ವಾಸನೆ ಹೊಡೀಬಾರ್ದಲ್ಲ!”

“ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟ ಹಾಗಾಯ್ತು ಸಾರ್. ಇವರು ದಿನಾ ಎಸಿ ಹಾಕಿ, ಕಿಟಕಿ ಮುಚ್ಕೊಂಡೇ ಕೂರೋದು. ಅದಕ್ಕೇ ರಾತ್ರಿಯಿಡೀ ಮುಚ್ಚಿಡಿ ಅಂತ ಪತ್ರ ಬರೆದಿದ್ದೆ.” ಪರೀಕ್ಷಕಿ ಗುಮಾಸ್ತೆಯ ಮೇಜಿನ ಖಾನೆ ಎಳೆದಳು. ಹಲಗೆಯ ಅಂಟಿನ ಘಾಟು ರಪ್ಪನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ತರಿಸಿತು. ಉಪಕರಣದ ಕೊಳವೆಯನ್ನು ಖಾನೆಯೊಳಗೆ ಇಟ್ಟದ್ದೇ ತಡ, ಅಂಕಿ ಸರಸರನೆ ಏರಿತು.

“ನಾನು ನೆಪ ಹೇಳ್ತಿರ್ಲಿಲ್ಲ,” ಎಂದಳು ಗುಮಾಸ್ತೆ.

“ಅಯ್ಯೋ, ಖಾನೆ ಒಳಗೆ ಯಾರಮ್ಮ ಕೂರ್ತಾರೆ?” ಮ್ಯಾನೇಜರ್ ನಗುತ್ತ ವರದಿಯ ಹಾಳೆ, ಪೆನ್ನು ಮುಂದಕ್ಕೆ ಸರಿಸಿದ. “ಮೊದಲು ಬಂದ ಅಂಕೀನೇ ಬರೆದು ಒಂದು ಸಹಿ ಹಾಕ್ಬಿಡಿ ಮೇಡಂ. ನಾಳೆಯಿಂದ ಇವರು ಸುಮ್ಮನೆ ಬಂದು ಇಲ್ಲೇ ಕೂರ್ಲಿ.”

ಪರೀಕ್ಷಕಿ ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿದಳು.

“ಹಾಕಲ್ಲ ಸಾರ್.”